ಹಳೇ ಗೋಬರ್ ಗ್ಯಾಸ್ ಗುಂಡಿಗೆ ಕೆರೆಯ ಅಂತರಗಂಗೆ

ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿ 2 ಘನ ಮೀಟರಿನದು. ದೀನಬಂಧು ಮಾದರಿ. ಮಣ್ಣೊಳಗೆ ಹೂತ ಇಟ್ಟಿಗೆಯ ಗುಮ್ಮಟ, ಈ ಕಡೆ ಸಗಣಿ ಕಲಸುವ ತೊಟ್ಟಿ, ಆ ಕಡೆ ಬಗ್ಗಡ ಹೊರಬರುವ ತೊಟ್ಟಿ. ಇಷ್ಟು ದೊಡ್ಡ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಅಪ್ಪ ಕಟ್ಟಿಸಿದ ಕಾಲದಲ್ಲಿ ಕೊಟ್ಟಿಗೆ ತುಂಬ ರಾಸು ಇದ್ದವು, ನಡೆಯುತ್ತಿತ್ತು. ಈಗ ಇರುವುದು ಎರಡು ಹಸು. ಹೊಟ್ಟೆ ದೊಡ್ಡದು, ತುತ್ತು ಚಿಕ್ಕದು. ಸಿಲಿಂಡರ್ ಬಂದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಗುಮ್ಮಟದ ಮೇಲಿನ ಜಾಗ ಸೌದೆ ಒಟ್ಟೋಕೆ ಅನುಕೂಲವಾಗಿತ್ತು ಅಷ್ಟೆ.

ಇನ್ನೊಂದು ಕಡೆ ಊರ ಕೆರೆ. ನಮ್ಮದು ಮಂಡ್ಯ ಸೀಮೆ. ನಾಲೆ ನೀರು ಗದ್ದೆಗೆ ಬರುತ್ತದೆ, ಗದ್ದೆಯಿಂದ ಬಸಿದ ನೀರು ಕೆರೆಗೆ ಹೋಗುತ್ತದೆ. ಅದರ ಜೊತೆ ಗದ್ದೆಗೆ ಎರಚಿದ ಯೂರಿಯಾ, ಡಿಎಪಿ ಗೊಬ್ಬರದಲ್ಲಿ ಒಂದು ಪಾಲು. ಸಾಲದು ಅಂತ ಊರಿನ ಚರಂಡಿ. ಇಷ್ಟು ಊಟ ಸಿಕ್ಕಿದ ಮೇಲೆ ಅಂತರಗಂಗೆ ಸುಮ್ನೆ ಇರುತ್ತದಾ? ಉಬ್ಬಿದ ದಂಟು, ನೇರಳೆ ಹೂವಿನ ಗಿಡ; ಕೆಲವು ಕಡೆ ಕತ್ತೆಕಿವಿ ಅಂತಲೂ ಕರೆಯುತ್ತಾರೆ. ಬಿಸಿಲು ಕಾಲದಲ್ಲಿ ಎರಡು ವಾರದೊಳಗೆ ಎರಡರಷ್ಟಾಗುತ್ತದೆ. ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಹೂವು ಚೆಂದ ಅಂತ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ತಂದರು. ಅಲ್ಲಿನ ಹೊಳೆ, ಗದ್ದೆ ಎಲ್ಲ ಹಿಡಿದುಕೊಂಡು, ಕೊನೆಗೆ 1936ರಲ್ಲಿ ಅದನ್ನು ಕೀಳಿಸಲು ಕಾಯ್ದೆಯನ್ನೇ ಮಾಡಬೇಕಾಯಿತು.

ನಮ್ಮಲ್ಲಿ ಆಗೊಮ್ಮೆ ಈಗೊಮ್ಮೆ ಜೆಸಿಬಿ ಬಂದು ಎಳೆದು ಏರಿಯ ಮೇಲೆ ಗುಡ್ಡೆ ಹಾಕಿ ಹೋಗುತ್ತದೆ. ಅದು ಅಲ್ಲೇ ಕೊಳೆತು, ಮಳೆ ಬಂದಾಗ ಸಾರವೆಲ್ಲ ಮತ್ತೆ ಕೆರೆಗೇ ಇಳಿಯುತ್ತದೆ. ಹೇಗೂ ಎಳೆದು ದಡಕ್ಕೆ ಹಾಕುತ್ತಿದ್ದಾರೆ, ಹೇಗೂ ಗುಂಡಿ ಸುಮ್ಮನೆ ಬಿದ್ದಿದೆ ಎನ್ನುವ ಯೋಚನೆಯಿಂದ ಈ ಕೆಲಸ ಶುರುವಾಯಿತು.

ಮೊದಲು ಗುಂಡಿ

ಹಳೇ ಗುಂಡಿ ಮುಟ್ಟುವ ಮುಂಚೆ ಒಂದು ಮಾತು. ಅದರೊಳಗೆ ಇಳಿಯುವುದು ಜೀವದ ಪ್ರಶ್ನೆ. ತಳದಲ್ಲಿ ಗಟ್ಟಿಯಾಗಿ ಕೂತ ಬಗ್ಗಡವನ್ನು ಕೆದಕಿದರೆ ಸಾಕು, ಅದರಲ್ಲಿ ಸಿಕ್ಕಿಕೊಂಡ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗ್ಯಾಸ್ ಮೇಲೇಳುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿ ಆದಾಗ ಮೂಗೇ ಸೋತು ಹೋಗಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ವಾಸನೆ ಇಲ್ಲ ಅಂತ ಧೈರ್ಯ ಮಾಡಬಾರದು. ಪಾಳು ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವ ಪದ್ಧತಿ ಇದೆಯಲ್ಲ, ಇಲ್ಲಿ ಅದನ್ನು ಮಾಡಿದರೆ ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗವಾದ ಮಿಥೇನ್ ಹೊತ್ತಿಕೊಂಡು ಸಿಡಿಯುತ್ತದೆ. ಬೀಡಿ, ಬೆಂಕಿಪೊಟ್ಟಣ ಹತ್ತಿರವೂ ಸುಳಿಯಬಾರದು.

ನಾವು ಗ್ಯಾಸ್ ವಾಲ್ವನ್ನು ಪೂರ್ತಿ ತೆರೆದಿಟ್ಟು, ಹೊರತೊಟ್ಟಿಯ ಚಪ್ಪಡಿ ತೆಗೆಸಿ, ಕೆಸರು ಎತ್ತುವ ಪಂಪಿನಿಂದ ಬಗ್ಗಡ ಖಾಲಿ ಮಾಡಿಸಿದೆವು. ಆಮೇಲೆ ಗುಂಡಿಗೆ ನೀರು ತುಂಬಿಸಿದೆವು. ನೀರು ಏರುತ್ತಾ ಏರುತ್ತಾ ಒಳಗಿನ ಗ್ಯಾಸನ್ನು ಪೈಪಿನಿಂದ ಹೊರಗೆ ತಳ್ಳುತ್ತದೆ. ಮತ್ತೆ ಆ ನೀರನ್ನು ಎತ್ತಿದಾಗ ಹೊರಗಿನ ಗಾಳಿ ಒಳಗೆ ಬರುತ್ತದೆ. ಇಷ್ಟಾದ ಮೇಲೂ ಕೆಲವು ದಿನ ಹಾಗೇ ಬಿಟ್ಟು, ಇಳಿಯುವ ದಿನ ದೂರದಲ್ಲಿ ಬ್ಲೋವರ್ ಇಟ್ಟು ಪೈಪಿನಲ್ಲಿ ಗಾಳಿ ಊದಿಸುತ್ತಲೇ ಇದ್ದೆವು. ಇಳಿದವರ ಸೊಂಟಕ್ಕೆ ಹಗ್ಗ, ಹಗ್ಗ ಹಿಡಿಯಲು ಮೇಲೆ ಇಬ್ಬರು. ಒಳಗಿನವರು ಮಾತು ನಿಲ್ಲಿಸಬಾರದು ಅಂತ ಕಟ್ಟುನಿಟ್ಟು. ಏನಾದರೂ ಆದರೆ ಮೇಲಿನವರು ಎಳೆಯಬೇಕೇ ಹೊರತು ಹಿಂದೆಯೇ ಇಳಿಯಬಾರದು. ಇಂಥ ಗುಂಡಿಗಳಲ್ಲಿ ಕಾಪಾಡಲು ಹೋದವರೇ ಸಾಲಾಗಿ ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

ಗಾರೆ ಕೆಲಸದವರು ಒಳಗಿಂದಲೇ ಕೂಗಿ ಹೇಳಿದರು. "ಇಟ್ಟಿಗೆ ಗಟ್ಟಿಯಾಗೇ ಅದೆ ಕಣಣ್ಣ. ಮೇಲುಗಡೆ ಗಾರೆ ಬುಟ್ಕಂಡದೆ, ಅಷ್ಟೇಯ."

ಅಷ್ಟೇ ಆಗಿದ್ದರೂ ಗ್ಯಾಸ್ ನಿಲ್ಲದೇ ಇರಲು ಅದು ಸಾಕು. ಬಗ್ಗಡ ನಿಲ್ಲುವ ಕೆಳಭಾಗದ ಸಣ್ಣಪುಟ್ಟ ಬಿರುಕನ್ನು ಸಗಣಿಯೇ ಮುಚ್ಚಿಕೊಳ್ಳುತ್ತದೆ. ಗ್ಯಾಸ್ ನಿಲ್ಲುವ ಮೇಲ್ಭಾಗಕ್ಕೆ ಆ ಅನುಕೂಲ ಇಲ್ಲ, ಕೂದಲೆಳೆ ಬಿರುಕಿದ್ದರೂ ಸೋರುತ್ತದೆ. ಸಡಿಲ ಗಾರೆಯನ್ನೆಲ್ಲ ಉಳಿಯಿಂದ ಕೆತ್ತಿ, ತಂತಿ ಬ್ರಷ್ಷಿನಿಂದ ಉಜ್ಜಿ, ಒಂದಕ್ಕೆ ಮೂರರ ಸಿಮೆಂಟ್ ಗಾರೆಯನ್ನು ಎರಡು ಪದರ ಮಾಡಿಸಿದೆವು. ಅದರ ಮೇಲೆ ಸಿಮೆಂಟ್ ಹಾಲು ಬಳಿದು, ಚೆನ್ನಾಗಿ ನೀರುಣಿಸಿ, ಒಣಗಿದ ಮೇಲೆ ಎಪಾಕ್ಸಿ ಬಣ್ಣ. ಬಣ್ಣ ಹೊಡೆಯುವಾಗಲೂ ಬ್ಲೋವರ್ ಬೇಕು. ಆ ವಾಸನೆಯೇ ತಲೆ ತಿರುಗಿಸುತ್ತದೆ.

ಗುಮ್ಮಟದ ನೆತ್ತಿಯಿಂದ ಅಡುಗೆಮನೆಗೆ ಬರುವ ಕಬ್ಬಿಣದ ಪೈಪು ತಿರುವಿನಲ್ಲಿ ತುಕ್ಕು ತಿಂದು ಜರಡಿಯಾಗಿತ್ತು. ನೆತ್ತಿಯ ತುಂಡು ಮಾತ್ರ ಹೊಸ ಜಿಐ ಹಾಕಿ, ಉಳಿದದ್ದಕ್ಕೆ ಕಪ್ಪು ಎಚ್‌ಡಿಪಿಇ ಪೈಪು ಎಳೆದೆವು. ಈ ಗ್ಯಾಸಿನಲ್ಲಿ ನೀರಿನ ಆವಿ ತುಂಬಾ ಇರುತ್ತದೆ. ಪೈಪು ತಣ್ಣಗಾದಾಗ ಅದು ಹನಿಯಾಗಿ ತಗ್ಗಿನಲ್ಲಿ ನಿಂತು ದಾರಿ ಕಟ್ಟುತ್ತದೆ. ಒಲೆ ಭಗ್ ಭಗ್ ಅಂತ ಕುಣಿಯುವುದಕ್ಕೆ ಮುಕ್ಕಾಲು ಪಾಲು ಇದೇ ಕಾರಣ. ಅದಕ್ಕೇ ಪೈಪು ಎಲ್ಲೂ ಜೋತಾಡದಂತೆ ಒಂದೇ ಇಳಿಜಾರು ಕೊಟ್ಟು, ಅತಿ ತಗ್ಗಿನ ಜಾಗದಲ್ಲಿ ಟಿ ಆಕಾರದ ಜಾಯಿಂಟ್ ಹಾಕಿ, ನೀರು ಬಿಡಲು ಒಂದು ಮುಚ್ಚಳ ಇಟ್ಟೆವು.

ಸೋರಿಕೆ ಪರೀಕ್ಷೆ ಸುಲಭ. ವಾಲ್ವ್ ಮುಚ್ಚಿ, ಸಗಣಿ ತೊಟ್ಟಿಯಿಂದ ನೀರು ತುಂಬುತ್ತಾ ಹೋದರೆ ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತದೆ. ಹೊರತೊಟ್ಟಿಯಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಒಂದು ದಿನ ಬಿಡಬೇಕು. ಮಟ್ಟ ಅಲ್ಲೇ ನಿಂತರೆ ಗುಮ್ಮಟ ಗಟ್ಟಿ. ಪೈಪಿನ ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿದರೆ ಆಯಿತು. ಒತ್ತಡ ನೋಡಲು ಮೀಟರ್ ಏನೂ ಕೊಳ್ಳಲಿಲ್ಲ. ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪನ್ನೇ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ಹಾಕಿ ಒಲೆ ಪಕ್ಕದ ಗೋಡೆಗೆ ತಗುಲಿಹಾಕಿದ್ದೇವೆ. ಎರಡು ಕಡೆಯ ನೀರಿಗೂ ಎಷ್ಟು ಸೆಂಟಿಮೀಟರ್ ವ್ಯತ್ಯಾಸ ಇದೆಯೋ ಅದೇ ಒತ್ತಡ.

ಗುಂಡಿಗೆ ಮೊದಲ ಸಲ ತುಂಬಲು ಎರಡು ಟನ್ನಿನಷ್ಟು ಸಗಣಿ, ಅಷ್ಟೇ ನೀರು ಬೇಕಾಯಿತು. ಅಕ್ಕಪಕ್ಕದವರ ಕೊಟ್ಟಿಗೆಯಿಂದ ಟ್ರ್ಯಾಕ್ಟರಿನಲ್ಲಿ ತಂದೆವು. ನಡೆಯುತ್ತಿರುವ ಇನ್ನೊಂದು ಗುಂಡಿಯಿಂದ ಒಂದೆರಡು ಡ್ರಮ್ಮು ಬಗ್ಗಡ ಹೆಪ್ಪಿಗೆ ಹಾಕಿದರೆ ಬೇಗ ಹಿಡಿದುಕೊಳ್ಳುತ್ತದೆ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಜೊತೆಗೆ ಗುಮ್ಮಟದಲ್ಲಿದ್ದ ಗಾಳಿ. ಗಾಳಿ ಬೆರೆತ ಮಿಥೇನ್ ಅಪಾಯ ಕೂಡ. ಅದನ್ನು ಒಲೆಗೆ ಕೊಡದೆ ಬಯಲಿಗೆ ಬಿಟ್ಟು ಖಾಲಿ ಮಾಡಬೇಕು. ಆಮೇಲೆ ತುಂಬಿದ್ದು ನೀಲಿಯಾಗಿ ಉರಿಯಿತು. ಇಲ್ಲಿಯವರೆಗೆ ಅಂತರಗಂಗೆಯ ಒಂದು ಎಲೆಯನ್ನೂ ಹಾಕಿರಲಿಲ್ಲ. ಗುಂಡಿ ಸಗಣಿಯ ಮೇಲೆ ಸರಿಯಾಗಿ ನಿಂತ ಮೇಲೇ ಹೊಸ ಆಹಾರ.

ಕೆರೆಯಿಂದ ಮನೆಗೆ

ಕೆರೆಯಲ್ಲಿ ಮೀನು ಹಿಡಿಯುವವರೇ ನಮಗೆ ಆಸರೆ. ಅಂತರಗಂಗೆ ಹಬ್ಬಿದರೆ ಬಲೆ ಬಿಡಲು ಆಗುವುದಿಲ್ಲ, ನೀರಿಗೆ ಗಾಳಿ ಬೆಳಕು ತಾಗದೆ ಮೀನೂ ಸೊರಗುತ್ತದೆ. ಅವರು ತೆಪ್ಪದಲ್ಲಿ ಹೋಗಿ ದೋಟಿಯಿಂದ ಎಳೆದು, ಹಗ್ಗದ ಸುತ್ತು ಹಾಕಿ ದಡಕ್ಕೆ ತಳ್ಳಿಕೊಂಡು ಬರುತ್ತಾರೆ. ನೀರಿನಲ್ಲಿ ಎಳೆಯುವುದು ಹಗುರ. ದಡಕ್ಕೆ ಎತ್ತಿದ ಮೇಲೇ ಅದರ ತೂಕ ಗೊತ್ತಾಗುವುದು. 100 ಕೆಜಿ ಗಿಡದಲ್ಲಿ 93–94 ಕೆಜಿ ಬರೀ ನೀರು. ಇದನ್ನು ಟ್ರ್ಯಾಕ್ಟರಿನಲ್ಲಿ ಹತ್ತಾರು ಕಿಲೋಮೀಟರ್ ಸಾಗಿಸಿ ಗ್ಯಾಸ್ ಮಾಡುತ್ತೇವೆ ಅನ್ನುವ ಯೋಜನೆಗಳನ್ನು ಕಂಡರೆ ನನಗೆ ನಗು ಬರುತ್ತದೆ. ಡೀಸೆಲ್ ಸುಟ್ಟು ನೀರು ಹೊತ್ತ ಹಾಗೆ. ಕೆರೆ ಪಕ್ಕದಲ್ಲೇ ಗುಂಡಿ ಇದ್ದರೆ ಮಾತ್ರ ಇದು ಕೆಲಸ.

ದಡದಲ್ಲೇ ಬೇರು ಕತ್ತರಿಸಿ ಬಿಡುತ್ತೇವೆ. ಬೇರಿನಲ್ಲಿ ಕೆಸರು, ಮರಳು, ಬಸವನಹುಳು ಎಲ್ಲ ಇರುತ್ತದೆ. ಮರಳು ಗುಂಡಿಗೆ ಹೋದರೆ ತಳದಲ್ಲಿ ಕೂತು ವರ್ಷ ವರ್ಷ ಜಾಗ ತಿನ್ನುತ್ತದೆ. ಇನ್ನೂ ದೊಡ್ಡ ಕಾರಣ ಬೇರೆ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳನ್ನು ಈ ಗಿಡ ಹೀರಿಕೊಳ್ಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಬೇರಿನಲ್ಲೇ ನಿಲ್ಲುತ್ತದೆ. ನಮ್ಮ ಕೆರೆಗೆ ಕಾರ್ಖಾನೆ ನೀರು ಬರುವುದಿಲ್ಲ. ಆದರೂ ಬೇರನ್ನು ಹೊಲಕ್ಕೆ ತರುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು. ಬೆಂಗಳೂರಿನ ಸುತ್ತ ಕಾರ್ಖಾನೆ ನೀರು ಸೇರುವ ಕೆರೆಗಳ ಅಂತರಗಂಗೆಯನ್ನು ತಂದು ತರಕಾರಿಗೆ ಗೊಬ್ಬರ ಮಾಡುವ ಯೋಚನೆ ಇದ್ದವರು ದಯವಿಟ್ಟು ಮೊದಲು ಲ್ಯಾಬಿಗೆ ಕೊಡಿ. ಗುಂಡಿಯಲ್ಲಿ ಕೊಳೆತರೆ ಲೋಹ ಮಾಯ ಆಗುವುದಿಲ್ಲ, ಗೊಬ್ಬರಕ್ಕೇ ಬಂದು ಕೂರುತ್ತದೆ.

ಕೈಗೆ ಉದ್ದ ತೋಳಿನ ಅಂಗಿ, ಗ್ಲೌಸು ಬೇಕು. ಎಲೆಯೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಚರ್ಮಕ್ಕೆ ನವೆ. ಗಿಡದ ಗೊಂಚಲಿನಲ್ಲಿ ಹಾವು ಇರಬಹುದು, ಜಿಗಣೆಯಂತೂ ಇದ್ದೇ ಇರುತ್ತದೆ.

ಎಲೆಗಳ ಮೇಲೆ ಚಿಕ್ಕ ಚಿಕ್ಕ ಕೆರೆದ ಗುರುತು ಕಂಡರೆ ಅದು ಮೂತಿ ಹುಳುವಿನ ಕೆಲಸ. ಅಂತರಗಂಗೆಯನ್ನು ಮಾತ್ರ ತಿನ್ನುವ ಈ ಹುಳುಗಳನ್ನು 1980ರ ದಶಕದ ಮೊದಲಲ್ಲಿ ಹೊರದೇಶದಿಂದ ತರಿಸಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಕೆರೆಗಳಿಗೆ ಬಿಟ್ಟಿದ್ದರು. ಒಳ್ಳೆ ಕೆಲಸವನ್ನೇ ಮಾಡಿದವು. ಆದರೆ ಚರಂಡಿ ನೀರು ಕುಡಿದು ಕೊಬ್ಬಿದ ಗಿಡ ಹುಳು ತಿನ್ನುವುದಕ್ಕಿಂತ ಬೇಗ ಚಿಗುರುತ್ತದೆ.

ತಂದ ಗಿಡವನ್ನು ಒಂದು ದಿನ ಕಣದಲ್ಲಿ ಹರಡಿ ಬಾಡಿಸುತ್ತೇವೆ. ಹಸಿಯಾಗಿ ಮೇವು ಕತ್ತರಿಸುವ ಮಷೀನಿಗೆ ಕೊಟ್ಟರೆ ದಂಟು ಜಾರಿ ರೋಲರಿಗೆ ಮೆತ್ತಿಕೊಳ್ಳುತ್ತದೆ. ಪೂರ್ತಿ ಒಣಗಿಸಿದರೆ ಚರ್ಮದ ಹಾಗೆ ಬಾಗುತ್ತದೆ, ಕತ್ತರಿಸುವುದಿಲ್ಲ. ಅರ್ಧ ಬಾಡಿದ್ದೇ ಸರಿ. ತುಂಡು ಬೆರಳಿನ ಒಂದು ಗೆಣ್ಣಿಗಿಂತ ಉದ್ದ ಇರಬಾರದು.

ತೇಲುವ ಗಿಡವನ್ನು ಮುಳುಗಿಸುವುದು

ಈ ಇಡೀ ಕೆಲಸದ ಗಂಟು ಇರುವುದು ಇಲ್ಲಿ. ಅಂತರಗಂಗೆ ತೇಲುವುದು ಯಾಕೆ? ದಂಟಿನೊಳಗೆ ಗಾಳಿ ತುಂಬಿದ ಸಾವಿರಾರು ಪುಟ್ಟ ಗೂಡುಗಳಿವೆ. ಕತ್ತರಿಸಿದರೂ ಪ್ರತಿ ತುಂಡಿನಲ್ಲೂ ಅವು ಉಳಿದುಕೊಳ್ಳುತ್ತವೆ. ಪರೀಕ್ಷೆಗೆ ಅಂತ ಒಂದು ಡ್ರಮ್ಮಿನಲ್ಲಿ ಬಗ್ಗಡ ಹಾಕಿ, ಕತ್ತರಿಸಿದ ಅಂತರಗಂಗೆ ಕಲಸಿ ಇಟ್ಟೆವು. ಮಾರನೇ ದಿನ ಎಲ್ಲ ಮೇಲೆ ಬಂದು ಗೇಣು ದಪ್ಪದ ಪದರ ಕಟ್ಟಿತ್ತು. ಕೋಲಿನಿಂದ ಕಲಕಿದರೆ ಮುಳುಗಿ ಮತ್ತೆ ಏಳುತ್ತದೆ. ಇದು ಗುಮ್ಮಟದೊಳಗೆ ಆದರೆ ಗತಿ ಏನು? ತೇಲುವ ಪದರ ಒಣಗಿ ಗಟ್ಟಿಯಾಗಿ ಕೆಳಗಿನ ಗ್ಯಾಸನ್ನು ತಡೆಯುತ್ತದೆ, ಪೈಪಿನ ಬಾಯಿಗೂ ಬರಬಹುದು. ದೀನಬಂಧು ಗುಂಡಿಯಲ್ಲಿ ಕಲಕಲು ದಾರಿಯೇ ಇಲ್ಲ. ಬಾಯಿ ತೆರೆದು ಖಾಲಿ ಮಾಡಿಸುವುದೊಂದೇ ಪರಿಹಾರ.

ಸಗಣಿ ಸಾಲದು ಅನ್ನುವ ಕತೆಯೂ, ಎಲೆ ತೇಲುತ್ತದೆ ಅನ್ನುವ ಕತೆಯೂ ಹೊಸದೇನಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಮಾಡಿತ್ತು. ಅಡುಗೆಗೆ ಅಂತ ಶುರುವಾದದ್ದು, ಮನೆಮನೆಯ ಅಡುಗೆಗೂ ಸಾಲುವಷ್ಟು ಸಗಣಿ ಸಿಗದೆ, 1987ರ ಹೊತ್ತಿಗೆ ಕರೆಂಟು ಮತ್ತು ಕುಡಿಯುವ ನೀರಿನ ಕಡೆ ತಿರುಗಿತು. ಅದೇ ಸಂಸ್ಥೆಯವರು ಎಲೆ, ಕಳೆ ಹಾಕಿ ಗ್ಯಾಸ್ ತೆಗೆಯಲು ಬೇರೆಯೇ ರೀತಿಯ ಗುಂಡಿಗಳನ್ನು ಮಾಡಿ ನೋಡಿದರು. ತೇಲುವ ವಸ್ತುವಿಗೆ ಸಗಣಿ ಗುಂಡಿ ಹೊಂದುವುದಿಲ್ಲ ಅನ್ನುವುದೇ ಅದಕ್ಕೆ ಕಾರಣ. ಇರುವ ಗುಂಡಿಯನ್ನು ಒಡೆದು ಬೇರೆ ಕಟ್ಟುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಗಿಡವನ್ನು ಹೊರಗೇ ಕೊಳೆಸಿ, ರಸವನ್ನು ಮಾತ್ರ ಗುಂಡಿಗೆ ಕೊಡುವುದು ಅಂತ ಗೊತ್ತು ಮಾಡಿದೆವು. ನಾರು ಗೊಬ್ಬರದ ರಾಶಿಗೆ.

200 ಲೀಟರಿನ ನೀಲಿ ಡ್ರಮ್ಮು ಐದು. ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ, ಒಳಗೆ ಬಿದಿರ ದಬ್ಬೆಯ ಜಾಲರಿ, ಅದರ ಮೇಲೆ ಸೊಳ್ಳೆ ಪರದೆಯ ತುಂಡು. ದಿನಕ್ಕೆ ಒಂದು ಡ್ರಮ್ಮಿಗೆ ಸುಮಾರು 40 ಕೆಜಿ ಹಸಿ ತೂಕದ ಗಿಡವನ್ನು ಕತ್ತರಿಸಿ ತುಂಬುತ್ತೇವೆ. ಅದು ಮುಳುಗುವಷ್ಟು ಬಗ್ಗಡ ಹಾಕುತ್ತೇವೆ. ನೀರಲ್ಲ, ಗುಂಡಿಯ ಹೊರತೊಟ್ಟಿಯಿಂದ ಮೊಗೆದ ತೆಳು ಬಗ್ಗಡ. ಕೊಳೆಸುವ ಜೀವಾಣುಗಳು ಅದರಲ್ಲಿ ಆಗಲೇ ತುಂಬಿರುತ್ತವೆ. ಮೇಲೆ ಇನ್ನೊಂದು ಬಿದಿರ ಜಾಲರಿ, ಅದರ ಮೇಲೆ ಕಲ್ಲು, ತೇಲದ ಹಾಗೆ. ಬಾಯಿಗೆ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಸೊಳ್ಳೆಯ ಸಂತೆ. ಬಿಗಿ ಮುಚ್ಚಳ ಮಾತ್ರ ಬೇಡ, ಒಳಗೆ ಗಾಳಿ ಕಟ್ಟಿಕೊಂಡು ಹಾರುತ್ತದೆ.

ನಾಲ್ಕೈದು ದಿನದಲ್ಲಿ ದಂಟು ಮೆತ್ತಗಾಗಿ, ರಸ ಕಂದು ಬಣ್ಣಕ್ಕೆ ತಿರುಗಿ, ಹುಳಿ ವಾಸನೆ ಬರುತ್ತದೆ. ಅವ್ವ ಮೂಗಿಗೆ ಸೆರಗು ಹಿಡಿದು "ಮನೆ ಮುಂದಕ್ಕೆ ಮಾತ್ರ ತರ್ಬ್ಯಾಡ ಕಣಪ್ಪ" ಅಂದಿದ್ದರಿಂದ ಡ್ರಮ್ಮುಗಳೆಲ್ಲ ಕೊಟ್ಟಿಗೆಯ ಹಿಂದೆ ಹೋದವು. ನಲ್ಲಿ ತಿರುಗಿಸಿ ರಸವನ್ನು ಸಗಣಿ ತೊಟ್ಟಿಗೆ ಬಿಡುತ್ತೇವೆ. ಸಗಣಿ ಕಲಸಲು ಬೇರೆ ನೀರು ಬೇಡವೇ ಬೇಡ. ಈ ಗಿಡ ತನ್ನ ನೀರನ್ನು ತಾನೇ ಹೊತ್ತು ತರುತ್ತದಲ್ಲ! ಬೇಸಿಗೆಯಲ್ಲಿ ಇದು ಸಣ್ಣ ಉಳಿತಾಯ ಏನಲ್ಲ. ಮೊದಲು ಹಾಕಿದ ಅರ್ಧ ಇಂಚಿನ ನಲ್ಲಿ ದಿನವೂ ನಾರಿಗೆ ಕಟ್ಟಿಕೊಳ್ಳುತ್ತಿತ್ತು. ಈಗ ಒಂದೂವರೆ ಇಂಚಿನ ಬಾಲ್ ವಾಲ್ವ್ ಇದೆ, ತೊಂದರೆ ಇಲ್ಲ.

ಗಮನ ಬೇಕಾದದ್ದು ಹುಳಿಯ ವಿಷಯದಲ್ಲಿ. ಡ್ರಮ್ಮಿನ ರಸದ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಜಾಸ್ತಿ) 5.5–6ರ ಹತ್ತಿರ ಇರುತ್ತದೆ. ಗುಂಡಿಯೊಳಗಿನ ಮಿಥೇನ್ ಮಾಡುವ ಜೀವಾಣುಗಳಿಗೆ 7ರ ಆಸುಪಾಸು ಬೇಕು. ಸಗಣಿ ಈ ಹುಳಿಯನ್ನು ತಡೆದುಕೊಳ್ಳುತ್ತದೆ, ಆದರೆ ಒಂದೇ ಸಲ ಜಾಸ್ತಿ ಸುರಿದರೆ ಗುಂಡಿ ಮುನಿಸಿಕೊಳ್ಳುತ್ತದೆ. ಅದಕ್ಕೆ ಶುರುವಿನಲ್ಲಿ ದಿನಕ್ಕೆ ಒಂದು ಬಕೆಟ್ ಮಾತ್ರ ಕೊಟ್ಟು, ವಾರ ವಾರ ಏರಿಸುತ್ತಾ ಬಂದೆವು. ಹೊರತೊಟ್ಟಿಯ ಬಗ್ಗಡಕ್ಕೆ ಪಿಎಚ್ ಪಟ್ಟಿ ಅದ್ದಿ ನೋಡುವುದು ವಾರಕ್ಕೊಮ್ಮೆಯ ಕೆಲಸ. 6.8ಕ್ಕಿಂತ ಕೆಳಗೆ ಇಳಿದರೆ ರಸ ನಿಲ್ಲಿಸಿ ಬರೀ ಸಗಣಿ. ಪಟ್ಟಿ ಇಲ್ಲದಿದ್ದರೂ ಒಲೆ ಹೇಳುತ್ತದೆ: ಒತ್ತಡ ಇದ್ದರೂ ಉರಿ ಸಪ್ಪಗಾಗಿ ಆರುತ್ತಿದ್ದರೆ ಮಿಥೇನ್ ಕಮ್ಮಿಯಾಗಿದೆ ಅಂತ ಅರ್ಥ. ತೀರಾ ಹುಳಿಯಾದರೆ ಸ್ವಲ್ಪ ಸುಣ್ಣದ ತಿಳಿ ಹಾಕಬಹುದು. ನಮಗೆ ಅಲ್ಲಿಯವರೆಗೆ ಬಂದಿಲ್ಲ.

ಒಲೆ

ಸಿಲಿಂಡರಿನ ಒಲೆಗೆ ಇದನ್ನು ಹಾಗೇ ಕೊಟ್ಟರೆ ಉರಿಯುವುದಿಲ್ಲ. ಒತ್ತಡ ಕಮ್ಮಿ, ಶಾಖ ಕಮ್ಮಿ, ಗ್ಯಾಸ್ ಚಿಮ್ಮುವ ಜೆಟ್ಟಿನ ತೂತು ದೊಡ್ಡದು ಬೇಕು. ತೂತು ಕೊರೆಸುವ ಬದಲು ಗೋಬರ್ ಗ್ಯಾಸಿನದೇ ಒಲೆ ತಂದೆವು.

ಒಲೆಗೆ ಮುಂಚೆ ಒಂದು ಸಣ್ಣ ಶೋಧಕ ಇದೆ. ಮೂರು ಇಂಚಿನ ಪಿವಿಸಿ ಪೈಪಿನ ಮೊಳದುದ್ದದ ತುಂಡು, ಒಳಗೆ ಪಾತ್ರೆ ತಿಕ್ಕುವ ಕಬ್ಬಿಣದ ನಾರು. ಹೊಳೆಯುವ ಸ್ಟೀಲ್ ನಾರು ನಡೆಯುವುದಿಲ್ಲ, ತುಕ್ಕು ಹಿಡಿಯುವುದೇ ಬೇಕು. ಆ ತುಕ್ಕೇ ಹೈಡ್ರೋಜನ್ ಸಲ್ಫೈಡನ್ನು ಹಿಡಿದುಕೊಂಡು ಕಪ್ಪಾಗುತ್ತದೆ. ಕಪ್ಪಾದದ್ದನ್ನು ತೆಗೆದು ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ. ಹಾಗೆ ಹರಡುವಾಗ ಅದು ಬಿಸಿಯಾಗುತ್ತದೆ, ಆದ್ದರಿಂದ ಒಣ ಹುಲ್ಲಿನ ಹತ್ತಿರ ಇಡಬೇಡಿ, ಕಲ್ಲಿನ ಮೇಲೆ ನೀರು ಚಿಮುಕಿಸಿ ಇಡಿ.

ಲೆಕ್ಕ

ಇದರಲ್ಲಿ ಗ್ಯಾಸ್ ಎಷ್ಟು ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎರಡು ಹಸುವಿನ ಸುಮಾರು 25 ಕೆಜಿ ಸಗಣಿಯಿಂದ ಹೆಚ್ಚುಕಡಿಮೆ 1 ಘನ ಮೀಟರ್. 40 ಕೆಜಿ ಅಂತರಗಂಗೆಯಲ್ಲಿ ಒಣ ಪದಾರ್ಥ ಎರಡೂವರೆ ಕೆಜಿ. ಎಲ್ಲವೂ ಚೆನ್ನಾಗಿ ಕೊಳೆತರೂ ಅರ್ಧ ಘನ ಮೀಟರ್ ದಾಟುವುದು ಕಷ್ಟ. ನಾವು ನಾರು ಬೇರೆ ತೆಗೆಯುವುದರಿಂದ ಇನ್ನೂ ಕಮ್ಮಿ. ಮನೆ ಒಲೆ ಒಂದು ಗಂಟೆಗೆ 0.45 ಘನ ಮೀಟರಿನಷ್ಟು ಕುಡಿಯುತ್ತದೆ. ಅಂದರೆ ಅಷ್ಟು ಗಿಡ ಎಳೆದು, ಹೊತ್ತು, ಕತ್ತರಿಸಿ, ನೆನೆಹಾಕಿದ್ದಕ್ಕೆ ಬಹಳ ಅಂದರೆ ಒಂದು ಗಂಟೆಯ ಉರಿ.

ದುಡ್ಡಿನಲ್ಲಿ ನೋಡೋಣ. 1 ಘನ ಮೀಟರ್ ಗೋಬರ್ ಗ್ಯಾಸು 0.45 ಕೆಜಿ ಎಲ್‌ಪಿಜಿಗೆ ಸಮ. 14.2 ಕೆಜಿ ಸಿಲಿಂಡರಿಗೆ 900 ರೂಪಾಯಿ ಅಂದುಕೊಂಡರೆ, ಅಂತರಗಂಗೆಯ ಪಾಲಿನ ಗ್ಯಾಸಿಗೆ ದಿನಕ್ಕೆ 12–13 ರೂಪಾಯಿ ಬಂದರೆ ಹೆಚ್ಚು. ಒಬ್ಬ ಆಳಿನ ಟೀ, ತಿಂಡಿಗೂ ಆಗುವುದಿಲ್ಲ. ಕಳೆಯಿಂದ ಗ್ಯಾಸ್ ಮಾಡಿ ಲಾಭ ಮಾಡುತ್ತೇವೆ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಹಾಗಾದರೆ ಯಾಕೆ ಮಾಡುತ್ತಿದ್ದೀರಿ? ಒಂದು, ಬರೀ ಎರಡು ಹಸುವಿನ ಸಗಣಿಗೆ ಬೆಳಗಿನ ಕಾಫಿ, ತಿಂಡಿ, ಒಂದು ಹೊತ್ತಿನ ಅಡುಗೆ ಮುಗಿಯುವಷ್ಟರಲ್ಲಿ ಒತ್ತಡ ಬಿದ್ದು ಹೋಗುತ್ತಿತ್ತು. ಈಗ ರಾತ್ರಿಯ ಮುದ್ದೆಗೆ ಎಸರು ಇಡಲೂ ಆಗುತ್ತದೆ. ಹೆಚ್ಚೇನಲ್ಲ, ಆದರೆ ಅವ್ವನಿಗೆ ಒಲೆ ಬದಲಿಸುವ ರಗಳೆ ತಪ್ಪಿತು. ಎರಡು, ಗೊಬ್ಬರ. ನಿಜವಾದ ಗಳಿಕೆ ಅದೇ. ಗ್ಯಾಸು ಅದರ ಜೊತೆ ಬಿಟ್ಟಿ ಬಂದದ್ದು ಅಂತ ನಾನು ತಿಳಿದಿದ್ದೇನೆ.

ಗೊಬ್ಬರ

ಡ್ರಮ್ಮಿನಲ್ಲಿ ಉಳಿದ ನಾರನ್ನು ಹಿಂಡಿ, ಕಬ್ಬಿನ ತರಗಿನ ಜೊತೆ ಪದರ ಪದರವಾಗಿ ಒಟ್ಟುತ್ತೇವೆ. ನಮ್ಮ ಕಡೆ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವುದೇ ರೂಢಿ. ಅದರಲ್ಲಿ ಇಂಗಾಲ ಜಾಸ್ತಿ, ಸಾರಜನಕ ಇಲ್ಲವೇ ಇಲ್ಲ ಅನ್ನಬೇಕು. ಒಂದನ್ನೇ ಒಟ್ಟಿದರೆ ವರ್ಷವಾದರೂ ಕೊಳೆಯುವುದಿಲ್ಲ. ಅಂತರಗಂಗೆ ಒಂದನ್ನೇ ಒಟ್ಟಿದರೆ ನೀರು ಸೋರಿ ಲೋಳೆಯಾಗಿ ನಾರುತ್ತದೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ತರಗು ಗಾಳಿಗೆ ದಾರಿಯೂ ಮಾಡಿಕೊಡುತ್ತದೆ. ಪ್ರತಿ ಪದರದ ಮೇಲೂ ಒಂದಿಷ್ಟು ಬಗ್ಗಡ ಚೆಲ್ಲಬೇಕು. ರಾಶಿ ಸೊಂಟದೆತ್ತರ ಇರಬೇಕು, ಅದಕ್ಕಿಂತ ಕುಳ್ಳಗಿದ್ದರೆ ಕಾವು ಏರುವುದಿಲ್ಲ.

ಕಾವಿನ ವಿಷಯ ಸಡಿಲ ಬಿಡುವಂತಿಲ್ಲ. ಅಂತರಗಂಗೆಯ ಬೀಜ ಕೆಸರಿನಲ್ಲಿ 15–20 ವರ್ಷ ಜೀವ ಹಿಡಿದಿರುತ್ತದೆ. ತಣ್ಣಗಿನ ರಾಶಿಯಿಂದ ಆ ಬೀಜ ಗೊಬ್ಬರಕ್ಕೆ, ಗೊಬ್ಬರದಿಂದ ಗದ್ದೆ ನೀರಿಗೆ, ಅಲ್ಲಿಂದ ಇನ್ನೊಂದು ಕೆರೆಗೆ ಹೋಗುತ್ತದೆ. ರಾಶಿಯ ನಡುವೆ 55ರಿಂದ 65 ಡಿಗ್ರಿ ಬಂದು ಕೆಲವು ದಿನ ನಿಲ್ಲಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ತುದಿ ಹಿಡಿಯಿರಿ. ಹಿಡಿದುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ ಸರಿ. ವಾರಕ್ಕೊಮ್ಮೆ ಹೊರಗಿನದು ಒಳಗೆ ಹೋಗುವಂತೆ ತಿರುವಿ ಹಾಕಬೇಕು, ಅಂಚಿನ ಬೀಜಗಳೂ ಬೇಯಬೇಕಲ್ಲ. ಇಷ್ಟರ ಮೇಲೆ ಹೂ ಬಿಡುವ ಮುಂಚೆಯೇ ಗಿಡ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ರಾಶಿ ಏರಿಯ ಹತ್ತಿರ, ಕಾಲುವೆ ಹತ್ತಿರ ಬೇಡ.

ಕಾವು ಇಳಿದು ರಾಶಿ ಕೈಗೆ ತಣ್ಣಗೆ ಸಿಕ್ಕ ಮೇಲೆ ಎರೆಹುಳು ಬಿಡುತ್ತೇವೆ. ಮುಂಚೆ ಬಿಟ್ಟರೆ ಸತ್ತೇ ಹೋಗುತ್ತವೆ. ಎರೆಹುಳುವಿಗೆ ಈ ನಾರು ಬಲು ಇಷ್ಟ, ಮೇಲಿನ ಪದರ ಬೇಗ ಟೀ ಪುಡಿಯಾಗುತ್ತದೆ. ಒಟ್ಟಿದ ರಾಶಿ ಮೂರರಲ್ಲಿ ಒಂದು ಪಾಲಿಗೂ ಇಳಿಯುತ್ತದೆ, ಅದನ್ನು ನೋಡಿ ಬೇಜಾರಾಗಬಾರದು. ಹೋದದ್ದು ಬಹುಪಾಲು ನೀರು.

ಈ ಗಿಡದಲ್ಲಿ ಪೊಟ್ಯಾಷ್ ಒಳ್ಳೆ ಪ್ರಮಾಣದಲ್ಲಿದೆ. ಹಾಗಾಗಿ ನಾವು ಮೊದಲು ಕೊಟ್ಟದ್ದು ತೆಂಗು, ಬಾಳೆಗೆ. ಹೊರತೊಟ್ಟಿಯಲ್ಲಿ ದಿನವೂ ಉಕ್ಕುವ ಬಗ್ಗಡಕ್ಕೆ ಸಣ್ಣ ಕಾಲುವೆ ತೋಡಿ ತೆಂಗಿನ ಪಾತಿಗೆ ತಿರುಗಿಸಿದ್ದೇವೆ. ಸೀಮೆ ಹುಲ್ಲಿಗೆ ಕೊಡುವಾಗ ಮಾತ್ರ ನೀರು ಬೆರೆಸುತ್ತೇವೆ. ಆ ಹುಲ್ಲು ಅದೇ ಎರಡು ಹಸುಗಳಿಗೆ. ಇಳುವರಿ ಎಷ್ಟು ಏರಿತು ಅಂತ ಅಂಕಿ ಕೊಡುವಷ್ಟು ನಾನು ಅಳೆದಿಲ್ಲ. ತೆಂಗಿನ ಬುಡದ ಮಣ್ಣು ಮಾತ್ರ ಗುದ್ದಲಿಗೆ ಸಡಿಲವಾಗಿ ಸಿಗುತ್ತಿದೆ, ಪೊಟ್ಯಾಷ್ ಮೂಟೆ ತರುವುದು ಕಮ್ಮಿಯಾಗಿದೆ. ಬಾಂಗ್ಲಾದೇಶದ ಗೋಪಾಲಗಂಜ್, ಬಾರಿಸಾಲ್ ಕಡೆಯ ರೈತರಂತೂ ಗೊಬ್ಬರ ಮಾಡುವ ತನಕ ಕಾಯುವುದೇ ಇಲ್ಲ. ನೀರಿನ ಮೇಲೇ ಅಂತರಗಂಗೆಯನ್ನು ಹಾಸಿಗೆಯಾಗಿ ಒಟ್ಟಿ, ಅದರ ಮೇಲೇ ಬೆಂಡೆ, ಸೋರೆ, ಸೊಪ್ಪು ಬೆಳೆಯುತ್ತಾರೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಳುಗಿರುವ ಸೀಮೆಗೆ ಅದು ಸರಿ. ನಮ್ಮ ಕೆರೆ ಬೇಸಿಗೆಯಲ್ಲಿ ಅರ್ಧ ಒಣಗುತ್ತದೆ, ಇಲ್ಲಿ ಅದು ಆಗದ ಮಾತು.

ಇಷ್ಟೆಲ್ಲ ಎಳೆದರೂ ಕೆರೆಯ ಅಂತರಗಂಗೆ ಕಮ್ಮಿಯಾಗಿದೆ ಅಂತ ಹೇಳಲಾರೆ. ಒಂದು ಮನೆಯ ಗುಂಡಿಗೆ ದಿನಕ್ಕೆ 40 ಕೆಜಿ, ಕೆರೆಯಲ್ಲಿರುವುದು ಟನ್ನುಗಟ್ಟಲೆ. ಗದ್ದೆಯ ಗೊಬ್ಬರ, ಊರ ಚರಂಡಿ ಒಳಗೆ ಬರುವ ತನಕ ಅದು ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಮೀನು ಹಿಡಿಯುವವರ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಬಿದಿರು ಮತ್ತು ಹಗ್ಗದ ತೇಲುವ ತಡೆ ಕಟ್ಟಿ, ಅದರ ಒಳಗೆ ಮಾತ್ರ ಅಂತರಗಂಗೆ ಬಿಡುವುದು. ಬರುವ ಯೂರಿಯಾ ನೀರನ್ನು ಅದು ಅಲ್ಲೇ ಹೀರಲಿ, ನಾವು ಅಲ್ಲಿಂದಲೇ ಎಳೆದುಕೊಳ್ಳೋಣ. ಉಳಿದ ಕೆರೆ ಬಲೆಗೆ ಖಾಲಿ ಇರಲಿ. ತಡೆ ದಾಟಿ ಬಂದದ್ದನ್ನು ಅವರು ತೆಪ್ಪದಲ್ಲಿ ಹಿಂದಕ್ಕೆ ತಳ್ಳುತ್ತಾರೆ. ಬಿದಿರು ಕಡಿದು ನೆನೆಹಾಕಿ ಆಗಿದೆ. ನಾಲೆ ನೀರು ನಿಲ್ಲಿಸಿ ಕಾಲುವೆ ಬಾಯಿ ಒಣಗಿದ ಮೇಲೆ ಗೂಟ ಹೊಡೆಯುವುದು ಬಾಕಿ.